ಹಳೆ ಕಾರಿನ ಜಾತಕ: ವಾಹನ್ ಪೋರ್ಟಲ್, ಸರ್ವಿಸ್ ದಾಖಲೆ, ಗ್ಯಾರೇಜಿನ ಲಿಫ್ಟ್ ಇವುಗಳಲ್ಲಿ ಯಾವುದನ್ನು ಎಷ್ಟು ನಂಬಬಹುದು?

ಹತ್ತು ವರ್ಷ ದಾಟಿದ ಕಾರು ನೋಡಲು ಹೋದರೆ ಮಾರುವವರು ಹೇಳುವುದು ಹೆಚ್ಚುಕಮ್ಮಿ ಒಂದೇ. ಸಿಂಗಲ್ ಓನರ್, ಡಾಕ್ಟರ್ ಓಡಿಸಿದ ಗಾಡಿ, ಕಿಲೋಮೀಟರ್ ತುಂಬಾ ಕಮ್ಮಿ. ಹಾಸನದಲ್ಲೂ ಇದೇ, ಚಿಕ್ಕಮಗಳೂರಿನಲ್ಲೂ ಇದೇ. ಮಾತು ನಿಜವೋ ಅಲ್ಲವೋ ಎಂದು ನೋಡಲು ನಮ್ಮಲ್ಲಿ ಒಂದೇ ಜಾಗ ಇಲ್ಲ. ಇಂಗ್ಲೆಂಡಿನಲ್ಲಿ ಮೂರು ವರ್ಷ ತುಂಬಿದ ಕಾರನ್ನು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಲೇಬೇಕು. ಪಾಸೋ ಫೇಲೋ, ಆ ದಿನ ಮೀಟರ್ ಎಷ್ಟು ತೋರಿಸುತ್ತಿತ್ತು, ಎಲ್ಲವನ್ನೂ ಸರ್ಕಾರದ ವೆಬ್‌ಸೈಟಿನಲ್ಲಿ ಗಾಡಿ ನಂಬರ್ ಹಾಕಿ ಯಾರು ಬೇಕಾದರೂ ನೋಡಬಹುದು, 2005ರಿಂದ ಈಚೆಗಿನ ಲೆಕ್ಕ ಸಿಗುತ್ತದೆ. ನಮ್ಮಲ್ಲಿ ಸ್ವಂತ ಬಳಕೆಯ ಕಾರಿನ ನೋಂದಣಿ 15 ವರ್ಷಕ್ಕೆ. ಅದು ಮುಗಿದು ನವೀಕರಣಕ್ಕೆ ಹೋಗುವವರೆಗೆ ಆರ್‌ಟಿಒ ಇನ್‌ಸ್ಪೆಕ್ಟರ್ ಆ ಕಾರನ್ನು ಮತ್ತೆ ಕಣ್ಣೆತ್ತಿ ನೋಡಬೇಕಾದ ಕಟ್ಟಳೆ ಇಲ್ಲ. ನಡುವಿನ ಅಷ್ಟೂ ವರ್ಷಗಳ ಚರಿತ್ರೆಯನ್ನು ಕೊಳ್ಳುವವರೇ ಅಲ್ಲಿಷ್ಟು ಇಲ್ಲಿಷ್ಟು ಹೆಕ್ಕಿ ಕಟ್ಟಬೇಕು.

ಮೂಡಿಗೆರೆಯಲ್ಲಿರುವ ಅಕ್ಕನ ಮನೆಗೆ ಹಳೆ ಪೆಟ್ರೋಲ್ ಕಾರೊಂದನ್ನು ಹುಡುಕುವಾಗ ಹಾಸನ, ಬೇಲೂರು, ಚಿಕ್ಕಮಗಳೂರು ಸುತ್ತ ಸಿಕ್ಕ ಗಾಡಿಗಳ ಮೇಲೆ ಈ ಎಲ್ಲ ದಾರಿಗಳನ್ನೂ ಬಳಸಿ ನೋಡಿದೆ. ಪ್ರತಿ ಸಲವೂ ನಾನು ಕೇಳಿಕೊಂಡ ಪ್ರಶ್ನೆ ಒಂದೇ: ಇದನ್ನು ಬರೆದವರು ಯಾರು, ಬರೆದ ಹೊತ್ತಿನಲ್ಲಿ ಮಾರಾಟದ ಯೋಚನೆ ಇತ್ತೇ?

ಮೊದಲು ವಾಹನ್ ಪೋರ್ಟಲ್, ಅಂದರೆ ಗಾಡಿಗಳ ನೋಂದಣಿ ವಿವರ ಇರುವ ಸರ್ಕಾರಿ ವೆಬ್‌ಸೈಟ್. ಮೊಬೈಲ್ ನಂಬರ್ ಕೊಟ್ಟು ಒಳಗೆ ಹೋಗಿ ಗಾಡಿ ನಂಬರ್ ಹಾಕಿದರೆ ನೋಂದಣಿ ದಿನಾಂಕ, ಇಂಧನ, ನೋಂದಣಿ ಯಾವತ್ತಿನವರೆಗೆ, ಇನ್ಶೂರೆನ್ಸ್ ಮತ್ತು ಹೊಗೆ ತಪಾಸಣೆ ಯಾವತ್ತಿನವರೆಗೆ, ಸಾಲ ಇದೆಯೇ ಎಂಬುದು ಬರುತ್ತದೆ. ಮಾಲೀಕರ ಹೆಸರು ಚುಕ್ಕಿಗಳ ನಡುವೆ ಅರ್ಧ ಕಾಣುತ್ತದೆ, ಆರ್‌ಸಿ ಜತೆ ತಾಳೆ ನೋಡಲು ಅಷ್ಟು ಸಾಕು. ಖರ್ಚಿಲ್ಲ, ಮನೆಯಲ್ಲೇ ಕೂತು ಮಾಡುವ ಕೆಲಸ, ಹಾಗಾಗಿ ಗಾಡಿ ನೋಡಲು ಬಸ್ಸು ಹತ್ತುವ ಮೊದಲೇ ಇದನ್ನು ಮುಗಿಸಬೇಕು. ಒಂದು ಕೆಎ 18 (ಚಿಕ್ಕಮಗಳೂರು ನೋಂದಣಿಯ) ಗಾಡಿಯ ಮೇಲೆ ಹೈಪೊಥಿಕೇಶನ್, ಅಂದರೆ ಸಾಲ ಕೊಟ್ಟ ಬ್ಯಾಂಕಿನ ಹಕ್ಕು, ಇನ್ನೂ ನಿಂತಿತ್ತು. ‘ಲೋನ್ ಎಲ್ಲಾ ಕ್ಲಿಯರ್ ಸಾರ್, ಲೆಟರ್ ಬರೋದಷ್ಟೇ ಬಾಕಿ’ ಅಂದರು. ಬ್ಯಾಂಕಿನ ಎನ್‌ಒಸಿ (ತಕರಾರಿಲ್ಲ ಎಂಬ ಪತ್ರ) ಮತ್ತು ಆ ಹಕ್ಕು ತೆಗೆಸುವ ಫಾರಂ 35 ಕೈಗೆ ಬರುವವರೆಗೆ ಅದು ಬರೀ ಮಾತು, ಆ ಗಾಡಿ ನೋಡಲು ನಾನು ಹೋಗಲಿಲ್ಲ. ಪರಿವಾಹನ್‌ನ ಇ-ಚಲನ್ ಪುಟದಲ್ಲಿ ಬಾಕಿ ದಂಡವೂ ಸಿಗುತ್ತದೆ. ಒಟ್ಟಿನಲ್ಲಿ ವಾಹನ್ ಗಾಡಿ ಯಾರದು ಎಂದು ಹೇಳುತ್ತದೆ, ಹೇಗಿದೆ ಎಂದು ಹೇಳುವುದಿಲ್ಲ. ಕಿಲೋಮೀಟರ್ ಬಗ್ಗೆ ಒಂದಕ್ಷರವೂ ಇಲ್ಲ.

ಇನ್ಶೂರೆನ್ಸ್ ಪಾಲಿಸಿಯನ್ನು ತುಂಬಾ ಜನ ಮುಗಿಯುವ ದಿನಾಂಕಕ್ಕಷ್ಟೇ ತಿರುವಿ ನೋಡುತ್ತಾರೆ. ಅದರಲ್ಲಿ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಸಾಲು ಓದಬೇಕು. ಕ್ಲೇಮ್ ಇಲ್ಲದ ವರ್ಷಗಳಿಗೆ ತಕ್ಕಂತೆ ಅದು 20, 25, 35, 45, 50 ಪರ್ಸೆಂಟ್ ಎಂದು ಏರುತ್ತದೆ, ಕ್ಲೇಮ್ ಮಾಡಿದರೆ ಸೊನ್ನೆಗೆ ಬೀಳುತ್ತದೆ. ‘ಒಂದು ಗೀರೂ ಆಗಿಲ್ಲ’ ಎನ್ನುವ ಹನ್ನೆರಡು ವರ್ಷದ ಕಾರಿನ ಪಾಲಿಸಿಯಲ್ಲಿ 20 ಪರ್ಸೆಂಟ್ ಇದ್ದರೆ ಯಾಕೆ ಎಂದು ಕೇಳುವ ಹಕ್ಕು ನಮಗಿದೆ. ಆದರೆ ಈ ಬೋನಸ್ ಮಾಲೀಕರದ್ದು, ಕಾರಿನದ್ದಲ್ಲ. ಹಳೆ ಕಾರಿನಿಂದ ಹೊಸದಕ್ಕೆ ತಂದುಕೊಂಡಿದ್ದರೆ 50 ಪರ್ಸೆಂಟ್ ಇದ್ದೂ ಈ ಗಾಡಿಯ ಬಗ್ಗೆ ಏನೂ ತಿಳಿಯದು. ಇಷ್ಟು ಹಳೆ ಗಾಡಿಗಳಿಗೆ ಬಹಳಷ್ಟು ಜನ ಥರ್ಡ್ ಪಾರ್ಟಿ ಮಾತ್ರ ಮಾಡಿಸಿರುತ್ತಾರೆ, ಅದರಲ್ಲಿ ಈ ಸಾಲೇ ಇರುವುದಿಲ್ಲ. ಸಿಕ್ಕರೆ ಒಳ್ಳೆಯದು, ಇದೊಂದನ್ನೇ ನೆಚ್ಚಿಕೊಳ್ಳಲಾಗದು.

ಕಂಪನಿ ಸರ್ವಿಸ್ ಸೆಂಟರಿನ ದಾಖಲೆ ಮಾತ್ರ ಬೇರೆಯೇ ತೂಕದ್ದು. ಗಾಡಿ ಒಳಗೆ ಬಂದಾಗಲೆಲ್ಲ ಅಡ್ವೈಸರ್ ಮೀಟರ್ ನೋಡಿ ಕಿಲೋಮೀಟರ್ ಬರೆದುಕೊಳ್ಳುತ್ತಾರೆ. ಆಯಿಲ್ ಬದಲಿಸಿದವರಿಗೆ ಏಳೆಂಟು ವರ್ಷದ ನಂತರ ಈ ಗಾಡಿಯನ್ನು ಯಾರು ಯಾರಿಗೆ ಮಾರುತ್ತಾರೆಂಬ ಚಿಂತೆ ಇರಲಿಲ್ಲ. ಅದಕ್ಕೇ ಅವರು ಬರೆದದ್ದಕ್ಕೆ ಬೆಲೆ. ಸಾಮಾನ್ಯವಾಗಿ ಮಾಲೀಕರಿಗೆ ಮಾತ್ರ ಕೊಡುತ್ತಾರೆ, ಆದ್ದರಿಂದ ಆರ್‌ಸಿ ಹಿಡಿದು ಅವರನ್ನೇ ಜತೆಗೆ ಕರೆದುಕೊಂಡು ಹೋಗಬೇಕು. ‘ಅದೆಲ್ಲ ಯಾಕೆ ಸಾರ್, ಗಾಡಿ ಕಣ್ಣೆದುರಿಗಿದೆಯಲ್ಲ’ ಎಂದು ಜಾರಿಕೊಂಡರೆ ಅದೂ ಒಂದು ಉತ್ತರವೇ.

ಹಾಸನದ ಒಂದು ಗಾಡಿಯ ಮೀಟರ್‌ನಲ್ಲಿ 62,180 ಇತ್ತು. ಒಳಗೆಲ್ಲ ಚೊಕ್ಕ, ಸೀಟ್ ಕವರ್ ಹೊಸದು. ಸರ್ವಿಸ್ ಪ್ರಿಂಟ್ ತೆಗೆಸಿದರೆ 2017ರ ಮಾರ್ಚ್‌ನಲ್ಲಿ 71,340, ಮಾರನೇ ವರ್ಷ ಫೆಬ್ರವರಿಯಲ್ಲಿ 84,905. ಅಲ್ಲಿಂದ ಮುಂದೆ ಏನೂ ಇಲ್ಲ. ಆಮೇಲೆ ಬ್ರೇಕ್ ಪೆಡಲಿನ ರಬ್ಬರ್ ನೋಡಿದೆ, ಬಲಗಡೆ ಅಂಚು ಸವೆದು ಲೋಹ ಕಾಣುತ್ತಿತ್ತು. ಗೇರ್ ನಾಬಿನ ಮೇಲಿನ ಅಂಕಿಗಳು ಅಳಿಸಿಹೋಗಿದ್ದವು. ಮಾರುವವರು ಎರಡನೇ ಮಾಲೀಕರು, ಮೀಟರ್ ತಿರುಗಿಸಿದ್ದು ಅವರೋ ಹಿಂದಿನವರೋ ಗೊತ್ತಿಲ್ಲ. ನನಗೆ ಬೇಸರವಾದದ್ದು ಕಿಲೋಮೀಟರ್ ಜಾಸ್ತಿ ಎಂದಲ್ಲ. ಲಕ್ಷ ದಾಟಿದ ಕಾರೂ ಚೆನ್ನಾಗಿರಬಹುದು, ಆದರೆ ಅಂಕಿ ಸುಳ್ಳಾದರೆ ಟೈಮಿಂಗ್ ಬೆಲ್ಟ್, ಕ್ಲಚ್, ಕೂಲಂಟ್ ಯಾವುದನ್ನು ಯಾವಾಗ ಬದಲಿಸಬೇಕೆಂಬ ಲೆಕ್ಕವೇ ತಪ್ಪುತ್ತದೆ. ಅದನ್ನು ಓಡಿಸುವವರು ಚಾರ್ಮಾಡಿ ಘಾಟಿಯಲ್ಲಿ ಮನೆಮಂದಿಯನ್ನು ಕೂರಿಸಿಕೊಂಡು ಇಳಿಯುವವರು.

ಈ ದಾಖಲೆಗೂ ಒಂದು ಮಿತಿ ಇದೆ. ವಾರಂಟಿ ಮುಗಿದ ಮೇಲೆ ಹೆಚ್ಚಿನವರು ಊರಿನ ಗ್ಯಾರೇಜಿಗೆ ಹೋಗುತ್ತಾರೆ, ಕಂಪ್ಯೂಟರಿನ ಕಥೆ ಐದಾರು ವರ್ಷಕ್ಕೆ ನಿಲ್ಲುತ್ತದೆ. ಅಲ್ಲಿಂದ ಮುಂದಕ್ಕೆ ಗ್ಯಾರೇಜಿನ ಕೈಬರಹದ ಬಿಲ್ಲು, ಬ್ಯಾಟರಿ ವಾರಂಟಿ ಕಾರ್ಡು, ಟೈರ್ ಅಂಗಡಿಯ ಚೀಟಿಗಳೇ ಗತಿ. ಇವನ್ನೆಲ್ಲ ಜೋಪಾನ ಮಾಡಿಟ್ಟ ಮಾಲೀಕರು ಸಿಕ್ಕರೆ ಬೆಲೆಯಲ್ಲಿ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಇನ್ನು ಗ್ಯಾರೇಜಿನ ಲಿಫ್ಟ್. ಬಯಲುಸೀಮೆಯ ಊರಿನಲ್ಲಾಗಿದ್ದರೆ ಇದನ್ನು ಎರಡನೇ ಸ್ಥಾನದಲ್ಲಿಡುತ್ತಿದ್ದೆನೇನೋ. ಮಲೆನಾಡಿನ ಗಾಡಿಗೆ ಇದಿಲ್ಲದೆ ಆಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒದ್ದೆಯಲ್ಲೇ ಇರುವ ತಳ, ಎಸ್ಟೇಟ್ ರಸ್ತೆಯ ಕೆಸರು, ಏರು ಹತ್ತುವಾಗ ಬೇಯುವ ಕ್ಲಚ್, ಇವು ಯಾವ ಕಾಗದದಲ್ಲೂ ಇರುವುದಿಲ್ಲ. ಮೇಲಿನಿಂದ ಹೊಳೆಯುವ ಕಾರನ್ನು ಎತ್ತಿ ಟಾರ್ಚ್ ಹಿಡಿದರೆ ಬಾಗಿಲ ಕೆಳಗಿನ ಪಟ್ಟಿಯಲ್ಲಿ, ಹಿಂದಿನ ಚಕ್ರದ ಕಮಾನಿನಲ್ಲಿ ತುಕ್ಕು ಎದ್ದಿರುತ್ತದೆ. ತಳಕ್ಕೆ ಹೊಸದಾಗಿ ಕಪ್ಪು ಕೋಟಿಂಗ್ ಹೊಡೆಸಿದ್ದರೆ ಇನ್ನೂ ಎಚ್ಚರ ಬೇಕು. ಸ್ಕ್ರೂ ಡ್ರೈವರಿನ ಹಿಡಿಯಿಂದ ತಟ್ಟಿದರೆ ಗಟ್ಟಿ ತಗಡು ಟಣ್ ಎನ್ನುತ್ತದೆ, ಕೊಳೆತದ್ದು ಮಂಕಾಗಿ ಸದ್ದು ಮಾಡುತ್ತದೆ.

ನೀರಿಗೆ ಸಿಕ್ಕಿದ ಗಾಡಿಯನ್ನು ಗುರುತಿಸುವುದನ್ನು ನಾನು ಕಲಿತದ್ದೂ ಇಲ್ಲೇ. 2018 ಮತ್ತು 2019ರ ಆಗಸ್ಟ್ ಮಳೆಯಲ್ಲಿ ಸಕಲೇಶಪುರ, ಮೂಡಿಗೆರೆ ಕಡೆ ಏನಾಯಿತೆಂದು ನಮಗೆಲ್ಲ ಗೊತ್ತು. ಒಂದು ಕಾರಿನ ಕಾಗದ ಪತ್ರ ಎಲ್ಲ ಸರಿಯಿತ್ತು. ಮೆಕ್ಯಾನಿಕ್ ಬಾನೆಟ್ ತೆಗೆಯುವ ಮೊದಲೇ ಹಿಂದಿನ ಸೀಟಿನಲ್ಲಿ ಕೂತು, ‘ಸಾರ್, ಬೆಲ್ಟ್ ಪೂರ್ತಿ ಎಳ್ದು ನೋಡಿ. ಸೀಟ್ ತೊಳೀತಾರೆ, ಬೆಲ್ಟಿನ ಬುಡ ಯಾರೂ ತೊಳೆಯಲ್ಲ’ ಅಂದರು. ಎಳೆದೆ. ಕೊನೆಯ ಒಂದು ಗೇಣು ಬೂದು ಪಟ್ಟಿಯ ಮೇಲೆ ಕೆಂಪು ಮಣ್ಣಿನ ಗೆರೆ, ಅಲ್ಲಿಂದ ಕೆಳಗೆಲ್ಲ ಬಣ್ಣವೇ ಬೇರೆ. ಸೀಟಿನ ಹಳಿಯ ಬೋಲ್ಟುಗಳೂ ತುಕ್ಕು ಹಿಡಿದಿದ್ದವು, ಸ್ಟೆಪ್ನಿ ಎತ್ತಿದರೆ ಅಡಿಯಲ್ಲಿ ಒಣಗಿದ ರೇವೆ ಮಣ್ಣು. ವೈರಿಂಗ್ ಒಳಗೆ ನೀರು ಹೊಕ್ಕ ಗಾಡಿ ಮಳೆಗಾಲದ ರಾತ್ರಿ ಯಾವ ತಿರುವಿನಲ್ಲಿ ನಿಲ್ಲುತ್ತದೋ ಹೇಳಲಾಗದು. ಬೆಲೆ ಎಷ್ಟೇ ಇಳಿಸಲಿ, ಅಂಥದ್ದು ಬೇಡ.

ಟಿಂಕರಿಂಗ್ (ಏಟು ಬಿದ್ದ ತಗಡನ್ನು ತಟ್ಟಿ ಸರಿ ಮಾಡುವ ಕೆಲಸ) ಆಗಿದೆಯೇ ಎಂದು ನೋಡುವುದೂ ಇದೇ ಹೊತ್ತಿಗೆ ಆಗುತ್ತದೆ. ಬಾನೆಟ್ ಮತ್ತು ಫೆಂಡರ್ ಬೋಲ್ಟುಗಳಲ್ಲಿ ಸ್ಪ್ಯಾನರ್ ಗುರುತು, ಬೇರೆ ವರ್ಷದ ಗಾಜು. ಟೈರಿನ ಮೇಲಿನ ನಾಲ್ಕು ಅಂಕಿ ಅದು ತಯಾರಾದ ವಾರ ಮತ್ತು ವರ್ಷ, 3219 ಎಂದಿದ್ದರೆ 2019ರ 32ನೇ ವಾರ. ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಬೇಕು. ನಾವು ಹೋಗುವಷ್ಟರಲ್ಲಿ ಬಾನೆಟ್ ಬಿಸಿಯಾಗಿದ್ದರೆ ಕಾದು ಕೂತರೂ ಪರವಾಗಿಲ್ಲ. ಆಮೇಲೆ ಏರಿನ ರಸ್ತೆಗೆ ಕರೆದೊಯ್ಯಿರಿ. ಚಿಕ್ಕಮಗಳೂರಿನವರಿಗೆ ಕೈಮರದಿಂದ ಮೇಲಕ್ಕೆ ಹತ್ತುವ ದಾರಿ ಇದೆ, ಕ್ಲಚ್ ಜಾರುತ್ತಿದ್ದರೆ ಅಲ್ಲಿ ತಿಳಿಯುತ್ತದೆ. ಮೆಕ್ಯಾನಿಕ್ ನಮ್ಮವರೇ ಆಗಿರಬೇಕು, ಮಾರುವವರೋ ಬ್ರೋಕರೋ ತೋರಿಸಿದವರಲ್ಲ. ಅವರ ಕೂಲಿಯನ್ನು ನಾವೇ ಕೊಡಬೇಕು, ಗಾಡಿ ಬೇಡವಾದರೂ ಕೊಡಬೇಕು.

ಆನ್‌ಲೈನ್‌ನಲ್ಲಿ ಹಳೆ ಕಾರು ಮಾರುವ ಕಂಪನಿಗಳ ತಪಾಸಣಾ ವರದಿಯನ್ನೂ ಓದಿದೆ. ಫೋಟೊ ಚೆನ್ನಾಗಿರುತ್ತವೆ, ಗೀರು ತಗ್ಗುಗಳನ್ನು ಗುರುತು ಹಾಕಿರುತ್ತಾರೆ. ಇವತ್ತಿನ ಸ್ಥಿತಿ ಗೊತ್ತಾಗುತ್ತದೆ, ಹಿಂದಿನದು ಅಷ್ಟಾಗಿ ಇಲ್ಲ. ಬರೆಸಿದವರು ಮಾರುವವರೇ ಆದ್ದರಿಂದ ಲಿಫ್ಟಿನ ಬದಲು ಇದು ಸಾಲದು.

ನನ್ನ ತೀರ್ಮಾನದಲ್ಲಿ ಐದಾರು ವರ್ಷದ ಕಾರಿಗೆ ಸರ್ವಿಸ್ ದಾಖಲೆ ಮೊದಲು. ಹತ್ತು ದಾಟಿ ಮಲೆನಾಡಿನಲ್ಲೇ ಓಡಿದ ಕಾರಿಗೆ ಲಿಫ್ಟ್ ಮೊದಲು, ಸರ್ವಿಸ್ ದಾಖಲೆ ಅದರ ಬೆನ್ನಿಗೆ. ವಾಹನ್ ಎರಡಕ್ಕೂ ಬಾಗಿಲು ಕಾಯುವ ಕೆಲಸ ಮಾಡುತ್ತದೆ. ಇನ್ನೊಂದು ಲೆಕ್ಕ ಚೌಕಾಸಿಗೆ ಇಟ್ಟುಕೊಳ್ಳಿ: 2011ರಲ್ಲಿ ನೋಂದಣಿಯಾದ ಕಾರಿಗೆ 2026ಕ್ಕೆ 15 ವರ್ಷ ತುಂಬುತ್ತದೆ. ಕಾರಿನ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲ್‌ನಿಂದ 600ರ ಬದಲು 5,000 ರೂಪಾಯಿ. ಜತೆಗೆ ಎಫ್‌ಸಿಗೆ (ಫಿಟ್‌ನೆಸ್ ತಪಾಸಣೆಗೆ) ನಿಲ್ಲಿಸುವ ಮುಂಚಿನ ರಿಪೇರಿ. ಇವೆಲ್ಲವನ್ನೂ ಮಾರುವವರ ಎದುರೇ ಒಂದು ಹಾಳೆಯಲ್ಲಿ ಬರೆದು ಬೆಲೆಯಿಂದ ಕಳೆಯಿರಿ. ದುಡ್ಡು ಕೈ ಬದಲಾಗುವ ದಿನವೇ ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು 30ಕ್ಕೆ ಸಹಿ ಹಾಕಿಸಿಕೊಳ್ಳಿ.