ಹೈಅಲುರಾನಿಕ್ ಸೀರಮ್: ತೇವಕ್ಕೆ ಓಕೆ, ಡಬ್ಬಿ ಮೇಲಿನ ಮಾತಿಗೆ ನಾಟ್ ಓಕೆ

ಬ್ರ್ಯಾಂಡ್ ಹೆಸರು ಬೇಡ, ಈ ಜಾತಿಯ ಸೀರಮ್‌ಗಳೆಲ್ಲ ಹೆಚ್ಚುಕಮ್ಮಿ ಒಂದೇ. ಅಂಟಂಟು ಇಲ್ಲ, ವಾಸನೆ ಇಲ್ಲ, ಒಣಗಿ ಬಿಗಿಯಾಗಿದ್ದ ಮುಖ ಸ್ವಲ್ಪ ಹೊತ್ತಿಗೇ ಮೆತ್ತಗಾಗುತ್ತದೆ. ಮುಖ ತೊಳೆದು ಇನ್ನೂ ಒದ್ದೆ ಇರುವಾಗಲೇ ಹಚ್ಚಿ, ಮೇಲೆ ಮಾಯಿಶ್ಚರೈಸರ್ ಹಾಕಲೇಬೇಕು. ಇಲ್ಲದಿದ್ದರೆ ಎಸಿ ರೂಮಿನಲ್ಲಿ ಕೂತವರಿಗೆ ಮತ್ತೆ ಅದೇ ಬಿಗಿತ. ಇಷ್ಟಕ್ಕೆ ಐದಕ್ಕೆ ಮೂರೂವರೆ ಕೊಡುತ್ತೇನೆ.

ನನ್ನ ತಕರಾರು ಡಬ್ಬಿಯ ಬರಹದ ಮೇಲೆ. ಜೀವಕೋಶಗಳ ವಿಭಜನೆ ಹೆಚ್ಚಿಸಿ ಚರ್ಮವನ್ನು ಹೊಸದು ಮಾಡುತ್ತದಂತೆ!

ಪೂರ್ತಿ ಸುಳ್ಳಾಗಿದ್ದರೆ ನಕ್ಕು ಬಿಡಬಹುದಿತ್ತು. ಸೀರಮ್‌ನಲ್ಲಿರುವ ಹೈಅಲುರಾನಿಕ್ ಆಮ್ಲ ಅನ್ನುವ ಈ ವಸ್ತು ನಮ್ಮ ಮೈಯಲ್ಲೇ ಇದೆ. 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಇದನ್ನು ಹಸುವಿನ ಕಣ್ಣಿನೊಳಗಿನ ಲೋಳೆಯಿಂದ ಬೇರೆ ಮಾಡಿದರು. ಕೋಶದ ಹೊರಪೊರೆಯಲ್ಲಿರುವ ಕಿಣ್ವಗಳು ಸಕ್ಕರೆಯ ತುಣುಕುಗಳನ್ನು ಜೋಡಿಸಿ ಇದರ ಉದ್ದುದ್ದ ಸರಪಳಿ ಮಾಡಿ ಹೊರಗೆ ತಳ್ಳುತ್ತವೆ. ಕೋಶ ಎರಡಾಗುವ ಮುಂಚೆ ಸುತ್ತಲಿನ ಹಿಡಿತ ಬಿಟ್ಟು ದುಂಡಗಾಗಬೇಕಲ್ವಾ, ಆಗ ಇದು ನೀರು ತುಂಬಿಕೊಂಡು ಜಾಗ ಮಾಡಿಕೊಡುತ್ತದೆ. ಕೋಶದ ಮೈಮೇಲಿನ ಸಿಡಿ44 ಎಂಬ ಪ್ರೋಟೀನ್ ಇದನ್ನು ಹಿಡಿದು ಒಳಗೆ ಸುದ್ದಿ ಮುಟ್ಟಿಸುತ್ತದೆ. ಸುದ್ದಿ ಏನು ಅನ್ನುವುದು ಮಾತ್ರ ಸರಪಳಿಯ ಉದ್ದದ ಮೇಲಿದೆ. ಉದ್ದದ್ದು ಸಾಮಾನ್ಯವಾಗಿ ‘ಸಾಕು, ನಿಲ್ಲು’ ಅನ್ನುತ್ತದೆ. ಮುರಿದ ಚಿಕ್ಕ ತುಂಡುಗಳು ವಿಭಜನೆಗೂ ಉರಿಯೂತಕ್ಕೂ ಕುಮ್ಮಕ್ಕು ಕೊಡುತ್ತವೆ. ಉದ್ದದ್ದು ವಿಭಜನೆ ನಿಲ್ಲಿಸುತ್ತದೆ ಅನ್ನುವ ಅರ್ಧವನ್ನು ಡಬ್ಬಿಯವರು ನುಂಗಿಬಿಟ್ಟಿದ್ದಾರೆ.

ಪೂರ್ವ ಆಫ್ರಿಕಾದಲ್ಲಿ ನೆಲದಡಿ ಬಾಳುವ ನೇಕೆಡ್ ಮೋಲ್ ರ್‍ಯಾಟ್ ಅನ್ನುವ ಬೋಳು ಪ್ರಾಣಿಯನ್ನೇ ನೋಡಿ. ಅದಕ್ಕೆ ಕ್ಯಾನ್ಸರ್ ಬರುವುದು ತೀರಾ ಅಪರೂಪ. ರಾಚೆಸ್ಟರ್ ವಿಶ್ವವಿದ್ಯಾಲಯದ ವೆರಾ ಗೊರ್ಬುನೊವಾ, ಆಂಡ್ರೇ ಸೆಲುವಾನೊವ್ ತಂಡ 2013ರಲ್ಲಿ ಹೇಳಿದ ಪ್ರಕಾರ, ಅದರ ಹೈಅಲುರಾನಿಕ್ ಅಣು ನಮ್ಮದಕ್ಕಿಂತ ಐದು ಪಟ್ಟಿಗೂ ಹೆಚ್ಚು ದೊಡ್ಡದು, ಅಕ್ಕಪಕ್ಕ ಸ್ವಲ್ಪ ಇಕ್ಕಟ್ಟಾದರೂ ಸಾಕು, ಕೋಶಗಳು ವಿಭಜನೆ ನಿಲ್ಲಿಸಿಬಿಡುತ್ತವೆ. ಅಂದರೆ ಆ ಪ್ರಾಣಿಯನ್ನು ಕಾಯುತ್ತಿರುವುದು ಹೆಚ್ಚಿನ ವಿಭಜನೆ ಅಲ್ಲ, ಅದಕ್ಕೆ ಬಿದ್ದ ಕಡಿವಾಣ. ನಮ್ಮ ಸೀರಮ್ ಅದನ್ನೇ ಸಡಿಲ ಮಾಡುತ್ತೇನೆ ಅಂತ ಹೆಮ್ಮೆಪಡುತ್ತಿದೆ!

ಭಯ ಬೇಡ, ಅಷ್ಟೆಲ್ಲ ಆಗುವುದಿಲ್ಲ. ದೊಡ್ಡ ಅಣು ಚರ್ಮದ ಮೇಲ್ಪದರ ದಾಟುವುದೇ ಕಷ್ಟ. ಮೇಲೆ ಕೂತು ನೀರು ಹಿಡಿದಿಡುತ್ತದೆ, ಕೆಲಸ ಅಲ್ಲಿಗೆ ಮುಗಿಯಿತು. ಒಳಗಿರುವುದು ದೊಡ್ಡ ಅಣುವೋ ಚಿಕ್ಕದೋ ಅಂತ ಬಾಟಲಿ ಮೇಲೆ ಬರೆದೂ ಇಲ್ಲ, ಬೆಲೆ ಮಾತ್ರ ದಪ್ಪ ಅಕ್ಷರದಲ್ಲಿದೆ. ಇದು ಖಾಲಿಯಾದರೆ ಇನ್ನೊಂದು ತರುತ್ತೇನೆ, ಆದರೆ ಕೋಶದ ಕಥೆ ಹೇಳಿ ಜಾಸ್ತಿ ದುಡ್ಡು ಕೇಳದ ಸಾದಾ ಸೀರಮ್ಮನ್ನು. ಬಜೆಟ್ ಕಮ್ಮಿ ಇರುವವರಿಗೆ ಗ್ಲಿಸರಿನ್ ಇರುವ ಮಾಯಿಶ್ಚರೈಸರ್ ಒಂದೇ ಸಾಕು.