ಮಿತಾಕದ ಘಿಬ್ಲಿ ವಸ್ತುಸಂಗ್ರಹಾಲಯ: ಚಿತ್ರ ಚಲಿಸುವ ಬಗೆಯನ್ನು ಕಾಣಿಸುವ ಮನೆ

ಟೋಕಿಯೊ ಪಶ್ಚಿಮದ ಮಿತಾಕದಲ್ಲಿ 2001ರ ಅಕ್ಟೋಬರ್‌ನಲ್ಲಿ ತೆರೆದ, ಜಪಾನಿನ ಅನಿಮೇಷನ್ ಚಿತ್ರಸಂಸ್ಥೆ ಸ್ಟುಡಿಯೊ ಘಿಬ್ಲಿಯ ಈ ವಸ್ತುಸಂಗ್ರಹಾಲಯದ ನಿಜವಾದ ಬೆಲೆ ತಿಳಿಯುವುದು ಕೆಳಮಹಡಿಯ ಕತ್ತಲ ಕೋಣೆಯಲ್ಲಿ. ಅಲ್ಲಿ ತಿರುಗುವ ದೊಡ್ಡ ತಟ್ಟೆಯ ಮೇಲೆ, ಒಂದಕ್ಕಿಂತ ಒಂದು ತುಸುವೇ ಬೇರೆಯಾದ ಭಂಗಿಯ ಹಲವಾರು ಗೊಂಬೆಗಳನ್ನು ನಿಲ್ಲಿಸಿದ್ದಾರೆ. ತಟ್ಟೆ ವೇಗ ಪಡೆದು ಬೆಳಕು ಮಿನುಗತೊಡಗಿದೊಡನೆ ಬಿಡಿ ಗೊಂಬೆಗಳು ಮಾಯವಾಗಿ, ಘಿಬ್ಲಿ ಚಿತ್ರದ ಕಾಡಿನ ಜೀವಿ ಟೊಟೊರೊ ನಮ್ಮೆದುರೇ ಕುಪ್ಪಳಿಸುತ್ತದೆ. ಚಲನಚಿತ್ರದಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳಿದ್ದರೂ, ಜಪಾನಿನ ಅನಿಮೇಷನ್ ಕಲಾವಿದರು ಒಂದೇ ಚಿತ್ರವನ್ನು ಎರಡು ಅಥವಾ ಮೂರು ಚೌಕಟ್ಟುಗಳವರೆಗೆ ನಿಲ್ಲಿಸಿ 12 ಅಥವಾ 8 ಚಿತ್ರಗಳಲ್ಲೇ ಕೆಲಸ ಮುಗಿಸುವುದುಂಟು ಎಂಬುದನ್ನು ಅಭಿಮಾನಿಗಳು ಗಂಟೆಗಟ್ಟಲೆ ಚರ್ಚಿಸುತ್ತಾರೆ. ಆ ಚರ್ಚೆಯ ಬುಡದಲ್ಲಿರುವ ಕಣ್ಣಿನ ಭ್ರಮೆ ಈ ಕೋಣೆಯಲ್ಲಿ ಮಗುವಿಗೂ ಅರ್ಥವಾಗುತ್ತದೆ.

ಮೇಲಿನ ಕೋಣೆಗಳು ಕಲಾವಿದನೊಬ್ಬ ಈಗಷ್ಟೇ ಎದ್ದುಹೋದ ಮನೆಯಂತಿವೆ: ಗೋಡೆ ತುಂಬ ಕರಡು ಚಿತ್ರಗಳು, ಮೇಜಿನ ಮೇಲೆ ಬಣ್ಣ, ಪುಸ್ತಕ. ವಿವರಣಾ ಫಲಕಗಳು ಬಹಳ ಕಡಿಮೆ, ನೋಡುವುದಕ್ಕೆ ಗೊತ್ತಾದ ದಾರಿಯೂ ಇಲ್ಲ. ದಾರಿ ತಪ್ಪಿ ಅಲೆಯಲಿ ಎಂಬುದೇ ಘಿಬ್ಲಿಯ ನಿರ್ದೇಶಕ ಹಯಾವೊ ಮಿಯಾಜಾಕಿ ಅವರ ಆಶಯವಾಗಿದ್ದರೂ, ತಾಂತ್ರಿಕ ವಿವರ ಬಯಸುವವರಿಗೆ ಇದು ಕೊರತೆಯೇ ಸರಿ.

ಒಳಗೆ ಛಾಯಾಚಿತ್ರ ನಿಷಿದ್ಧ. ನನಗೆ ಅದು ವರವೆಂದೇ ತೋರುತ್ತದೆ. ವಯಸ್ಕರ ಟಿಕೆಟ್ 1000 ಯೆನ್, ಬಾಗಿಲಲ್ಲಿ ಮಾರುವುದಿಲ್ಲ. ಪ್ರತಿ ತಿಂಗಳ 10ರಂದು ಮುಂದಿನ ತಿಂಗಳ ಟಿಕೆಟ್‌ಗಳ ಮಾರಾಟ ಆರಂಭವಾಗುವುದರಿಂದ, ವಿಮಾನಕ್ಕಿಂತ ಮೊದಲು ಈ ದಿನಾಂಕವನ್ನು ನೋಡಿಕೊಳ್ಳುವುದು ಒಳಿತು.