ಬೋಟಿನ ಬ್ಯಾಟರಿಗೆ 20 ಆಂಪ್ ಸ್ಮಾರ್ಟ್ ಚಾರ್ಜರ್: ಡಬ್ಬಿ ಚೆನ್ನಾಗಿದೆ, ಜೊತೆಗೆ ಬಂದ ವೈರ್ ಬೇಡ

12 ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿಗೆ ಅಂತ ತಗೊಂಡ ಮೂರು ಹಂತದ ಮರೈನ್ ಚಾರ್ಜರ್ ಇದು. ಎರಡು ಔಟ್‌ಪುಟ್ ಇದೆ, ಒಂದು ಎಂಜಿನ್ ಸ್ಟಾರ್ಟ್ ಮಾಡೋ ಬ್ಯಾಟರಿಗೆ, ಇನ್ನೊಂದು ಲೈಟು, ಬಿಲ್ಜ್ ಪಂಪು (ಬೋಟಿನ ತಳದಲ್ಲಿ ಸೇರೋ ನೀರು ಹೊರಗೆ ಹಾಕೋದು), ಜಿಪಿಎಸ್ ಎಲ್ಲ ನಡೆಸೋ ಬ್ಯಾಟರಿಗೆ. ಕಂಪನಿ ಹೆಸರು ಹಾಕ್ತಿಲ್ಲ, ಇದೇ ಡಬ್ಬಿ ಬೇರೆ ಬೇರೆ ಸ್ಟಿಕ್ಕರ್ ಅಂಟಿಸ್ಕೊಂಡು ಬರುತ್ತೆ.

ಮೊದಲು ಒಳ್ಳೇದು ಹೇಳ್ತೀನಿ. ಚಾರ್ಜ್ ಮಾಡೋ ಕೆಲಸ ನೀಟಾಗಿ ಮಾಡುತ್ತೆ. ಕ್ಲ್ಯಾಂಪ್ ಮೀಟರ್ ಹಾಕಿ ನೋಡಿದ್ರೆ ಶುರುವಲ್ಲಿ ಪೂರ್ತಿ 20 ಆಂಪ್ ತಳ್ಳುತ್ತೆ, ವೋಲ್ಟೇಜ್ 14.4 ಮುಟ್ಟಿದ ಮೇಲೆ ಅಲ್ಲೇ ನಿಲ್ಲಿಸ್ಕೊಂಡು ಆಂಪ್ ಮಾತ್ರ ಇಳೀತಾ ಹೋಗುತ್ತೆ, 12, 8, 3 ಹೀಗೆ, ಕೊನೆಗೆ ಫ್ಲೋಟ್‌ಗೆ, ಅಂದ್ರೆ ತುಂಬಿದ ಬ್ಯಾಟರಿನ ತುಂಬಿದ ಹಾಗೇ ಇಡೋ ಹಂತಕ್ಕೆ, ಹೋಗಿ 13.5ರಲ್ಲಿ ಕೂರುತ್ತೆ. ಹಳೇ ಗ್ಯಾರೇಜ್ ಚಾರ್ಜರ್‌ಗಳು ಬ್ಯಾಟರಿ ತುಂಬಿದ್ರೂ ತಳ್ತಾನೇ ಇರ್ತವೆ, ನೀರು ಕುದ್ದು ಹೋಗಿ ಪ್ಲೇಟ್ ಒಣಗುತ್ತೆ, ಆ ಕಾಟ ಇದರಲ್ಲಿಲ್ಲ.

ಆದ್ರೆ ಹಸಿರು ಲೈಟನ್ನ ನಂಬಬೇಡಿ. 14.4 ಮುಟ್ಟಿದ ತಕ್ಷಣ ಹಸಿರು ಮಿಣುಕೋಕೆ ಶುರು, ಆಗ ಬ್ಯಾಟರಿ ಹೆಚ್ಚುಕಡಿಮೆ 80% ಅಷ್ಟೇ ತುಂಬಿರುತ್ತೆ. ಬಸ್ಸಲ್ಲಿ ಸೀಟು ತುಂಬೋ ಹಾಗೆ, ಮೊದಲು ಹತ್ತಿದೋರಿಗೆ ಸೀಟು ಬೇಗ ಸಿಗುತ್ತೆ, ಕೊನೇಲಿ ಬಂದೋರು ಹುಡುಕಿ ಹುಡುಕಿ ಕೂರಬೇಕು, ಉಳಿದ 20%ಗೆ ಇನ್ನೂ ಕೆಲವು ಗಂಟೆ ಬೇಕು. ಪ್ರತಿ ಸಲ ಅಲ್ಲೇ ಪ್ಲಗ್ ಕಿತ್ತರೆ ಪ್ಲೇಟ್ ಮೇಲಿನ ಸಲ್ಫೇಟ್ ಗಟ್ಟಿಯಾಗಿ ಕೂತ್ಕೊಂಡು ಬ್ಯಾಟರಿ ಕೆಪಾಸಿಟಿ ಕಮ್ಮಿ ಆಗ್ತಾ ಬರುತ್ತೆ, ಆಮೇಲೆ ಬ್ಯಾಟರಿ ಕಂಪನಿನ ಬೈಯೋದು. ಲೈಟು ಮಿಣುಕೋದು ನಿಂತು ಸ್ಥಿರ ಹಸಿರು ಆಗೋವರೆಗೂ ಬಿಡಿ. ಚಾರ್ಜರ್ ತೆಗೆದು ಏನೂ ಲೋಡ್ ಇಲ್ಲದೆ ಕೆಲವು ಗಂಟೆ ಬಿಟ್ಟು ಮೀಟರ್ ಇಟ್ರೆ ನೀರು ಹಾಕೋ ಬ್ಯಾಟರಿ 12.6, 12.7 ತೋರಿಸ್ಬೇಕು. 12.1 ಹತ್ರ ಇದ್ರೆ ಅರ್ಧ ಖಾಲಿ ಅಂತ ಲೆಕ್ಕ.

ಈಗ ವೈರ್ ವಿಷ್ಯ, ನನಗೆ ಸಿಟ್ಟು ಬಂದಿದ್ದು ಇಲ್ಲೇ. ಬಾಕ್ಸಲ್ಲಿ ಕೊಟ್ಟಿರೋ ವೈರ್ ತೀರಾ ತೆಳು, ಫ್ಯೂಸ್ ಬೇರೆ ಚಾರ್ಜರ್ ಹತ್ರ ಇಟ್ಟಿದಾರೆ. ಅಲ್ಲಾ ಸ್ವಾಮಿ, ಶಾರ್ಟ್ ಆದ್ರೆ ದೊಡ್ಡ ಕರೆಂಟ್ ಬರೋದು ಬ್ಯಾಟರಿಯಿಂದ, ಚಾರ್ಜರ್ ಕೊಡೋದು 20 ಆಂಪ್, ಬ್ಯಾಟರಿ ನೂರಾರು ಆಂಪ್ ಸುರಿಯುತ್ತೆ. ಬೋಟ್ ಅಲುಗಾಡಿ ಅಲುಗಾಡಿ ವೈರ್ ಎಲ್ಲೋ ಒಂದು ಕಡೆ ಉಜ್ಜಿ ಸಿಪ್ಪೆ ಸುಲಿದ್ರೆ ಬ್ಯಾಟರಿಯಿಂದ ಫ್ಯೂಸ್‌ವರೆಗಿನ ಅಷ್ಟೂ ವೈರ್‌ಗೆ ರಕ್ಷಣೆನೇ ಇಲ್ಲ, ಕೆಂಪಗೆ ಕಾದು ಬೆಂಕಿ ಹತ್ಕೊಳ್ಳುತ್ತೆ. ಅಮೆರಿಕನ್ ಬೋಟ್ ಅಂಡ್ ಯಾಟ್ ಕೌನ್ಸಿಲ್ ಸ್ಟ್ಯಾಂಡರ್ಡ್ ಪ್ರಕಾರ, ಕೆಲವು ವಿನಾಯಿತಿ ಬಿಟ್ರೆ, ಫ್ಯೂಸ್ ಕರೆಂಟ್ ಬರೋ ಜಾಗದಿಂದ 7 ಇಂಚಿನ ಒಳಗಿರಬೇಕು. ನಾನು ದಪ್ಪ ಟಿನ್ ಲೇಪದ ತಾಮ್ರದ ವೈರ್ ಹಾಕಿ ಪಾಸಿಟಿವ್ ಟರ್ಮಿನಲ್ ಪಕ್ಕದಲ್ಲೇ 30 ಆಂಪ್ ಫ್ಯೂಸ್ ಕೂರಿಸ್ದೆ. ಇನ್ನೊಂದು ಲಾಭನೂ ಆಯ್ತು, ತೆಳು ವೈರಲ್ಲಿ ಚಾರ್ಜರ್ ತುದೀಲಿ 14.4 ಇದ್ರೆ ಬ್ಯಾಟರಿ ತುದೀಲಿ 14 ಇರ್ತಿತ್ತು, ಚಾರ್ಜರ್‌ಗೆ ಬೇಗ ತುಂಬ್ತು ಅನ್ನೋ ಭ್ರಮೆ, ಈಗ ಎರಡೂ ಕಡೆ ಹತ್ತಿರ ಹತ್ತಿರ ಒಂದೇ.

ಟೆಂಪರೇಚರ್ ಸೆನ್ಸರ್ ಬೇರೆ ದುಡ್ಡು ಕೊಟ್ಟು ತಗೋಬೇಕಂತೆ. ತಗೊಳ್ಳಿ. ಬ್ಯಾಟರಿಯ ವೋಲ್ಟೇಜ್ ಲೆಕ್ಕ ಎಲ್ಲ 25 ಡಿಗ್ರಿಗೆ, ಎಂಜಿನ್ ಪಕ್ಕದ ಗೂಡಲ್ಲಿ 40 ಆರಾಮಾಗಿ ಆಗುತ್ತೆ, 12 ವೋಲ್ಟ್ ಬ್ಯಾಟರಿಗೆ ಡಿಗ್ರಿಗೆ ಸುಮಾರು 24 ಮಿಲಿವೋಲ್ಟ್ ಇಳಿಸ್ಬೇಕು ಅಂದ್ರೆ 14.4 ಅನ್ನೋದು 14.04 ಆಗ್ಬೇಕು. ಸೆನ್ಸರ್ ಇಲ್ಲದಿದ್ರೆ ಚಾರ್ಜರ್‌ಗೆ ಇದು ಗೊತ್ತೇ ಆಗಲ್ಲ, ಬ್ಯಾಟರಿ ಜಾಸ್ತಿ ಗ್ಯಾಸ್ ಬಿಡುತ್ತೆ.

ಆ ಗ್ಯಾಸ್ ಹೈಡ್ರೋಜನ್, ಗಾಳೀಲಿ 4% ಸೇರಿದ್ರೆ ಒಂದು ಕಿಡಿ ಸಾಕು. ಹಗುರ ಇರೋದ್ರಿಂದ ಮೇಲೆ ಹೋಗಿ ಸೇರ್ಕೊಳ್ಳುತ್ತೆ, ಹಾಗಾಗಿ ಬ್ಯಾಟರಿ ಬಾಕ್ಸಿಗೆ ಗಾಳಿ ದಾರಿ ಮೇಲ್ಗಡೆ ಇರಬೇಕು, ಚಾರ್ಜರನ್ನ ಬ್ಯಾಟರಿಯ ನೇರ ಮೇಲೆ ತೂಗಿ ಹಾಕಬೇಡಿ, ಆಸಿಡ್ ಹಬೆಗೆ ಒಳಗಿನ ಬೋರ್ಡ್ ತಿಂದು ಹೋಗುತ್ತೆ. ಕ್ಲಿಪ್ ಹಾಕೋರು ಮೊದಲು ಬ್ಯಾಟರಿಗೆ ಹಾಕಿ ಆಮೇಲೆ ಸ್ವಿಚ್ ಆನ್, ತೆಗೆಯುವಾಗ ಮೊದಲು ಸ್ವಿಚ್ ಆಫ್. ಬಿಲ್ಜ್ ನೀರು ಏರಿ ಉಪ್ಪುನೀರು ಬ್ಯಾಟರಿಯೊಳಗೆ ಹೋದ್ರೆ ಕ್ಲೋರಿನ್ ಬರುತ್ತೆ, ಅದಕ್ಕೇ ಬ್ಯಾಟರಿ ಎತ್ತರದಲ್ಲಿ ಬೆಲ್ಟ್ ಬಿಗಿದು ಇಡಿ. ಡಿಸ್ಟಿಲ್ಡ್ ವಾಟರ್ ಚಾರ್ಜ್ ಮುಗಿದ ಮೇಲೆ ಹಾಕಿ, ಮೊದಲೇ ತುಂಬಿಸಿದ್ರೆ ಉಕ್ಕಿ ಹೊರಗೆ ಬರುತ್ತೆ. ಪ್ಲೇಟ್ ಹೊರಗೆ ಕಾಣ್ತಿದ್ರೆ ಮಾತ್ರ ಅದು ಮುಳುಗೋಷ್ಟು ಮೊದಲೇ ಹಾಕಬೇಕು.

ಬ್ಯಾಟರಿ ಯಾವ ಬಗೆ ಅಂತ ಆರಿಸೋ ಮೋಡ್ ಬಟನ್ ಒಂದೇ, ಎರಡೂ ಔಟ್‌ಪುಟ್‌ಗೆ ಒಂದೇ ಸೆಟ್ಟಿಂಗ್. ಒಂದು ಕಡೆ ಜೆಲ್ ಬ್ಯಾಟರಿ (ಆಸಿಡ್ ಜೆಲ್ಲಿ ಥರ ಗಟ್ಟಿ ಇರೋದು) ಇನ್ನೊಂದು ಕಡೆ ನೀರು ಹಾಕೋ ಬ್ಯಾಟರಿ ಇರೋರಿಗೆ ಇದು ಆಗಲ್ಲ, ಬಹಳಷ್ಟು ಜೆಲ್‌ಗೆ 14.1, 14.2 ದಾಟಬಾರದು, ಗುಳ್ಳೆ ಬಿದ್ರೆ ಮತ್ತೆ ಸರಿಹೋಗಲ್ಲ. ಎಲ್ಲಾ ಸೆಲ್‌ನೂ ಒಂದೇ ಮಟ್ಟಕ್ಕೆ ತರೋಕೆ 15 ವೋಲ್ಟ್ ಮೇಲೆ ಹೋಗೋ ಈಕ್ವಲೈಸ್ ಮೋಡ್ ಕೂಡ ಇದೆ, ಅದು ನೀರು ಹಾಕೋ ಬ್ಯಾಟರಿಗೆ ಮಾತ್ರ, ಅದೂ ಅಪರೂಪಕ್ಕೆ, ಹತ್ರ ಯಾರಾದ್ರೂ ಇರುವಾಗ.

ಫ್ಯಾನ್ ಸದ್ದು ಸ್ವಲ್ಪ ಜಾಸ್ತಿ, ಕ್ಯಾಬಿನ್ನಲ್ಲಿ ಮಲಗೋರಿಗೆ ಕಿರಿಕಿರಿ.

ಡೀಸೆಲ್ ಬೋಟಿಗೆ, ವೈರ್ ಬದಲಾಯಿಸಿ ಸೆನ್ಸರ್ ಸೇರಿಸ್ಕೊಳ್ಳೋಕೆ ರೆಡಿ ಇದ್ರೆ, ಐದಕ್ಕೆ ನಾಲ್ಕು ಸ್ಟಾರ್. ಪೆಟ್ರೋಲ್ ಎಂಜಿನ್ ಇರೋರು ಬಿಟ್ಬಿಡಿ, ಇದರ ಮೇಲೆ ಇಗ್ನಿಷನ್ ಪ್ರೊಟೆಕ್ಟೆಡ್ (ಒಳಗಿನ ಕಿಡಿ ಹೊರಗಿನ ಆವಿಗೆ ಬೆಂಕಿ ಹಚ್ಚದ ಹಾಗೆ ಮಾಡಿದ್ದು) ಅಂತ ಎಲ್ಲೂ ಬರೆದಿಲ್ಲ, ಪೆಟ್ರೋಲ್ ಆವಿ ಇರೋ ಜಾಗದಲ್ಲಿ ಇಂಥದ್ದನ್ನ ಕೂರಿಸೋ ಹಾಗಿಲ್ಲ.